ಔರಾದಿನ ಮಳೆಗಾಲ ಮತ್ತು ಅಕ್ಕನ ಫ್ಲ್ಯಾಪ್‌ಜಾಕ್

ಹೋದ ವಾರ ಬೀದರಿನ ಗಾಂಧಿ ಗಂಜಿನಲ್ಲಿ ಬೆಲ್ಲದ ಅಂಗಡಿಯ ಮುಂದೆ ನಿಂತಿದ್ದೆ. ಬೆಳಗಿನಿಂದ ಜಿಟಿಜಿಟಿ ಮಳೆ. ಹಮಾಲರು ತೊಗರಿ ಚೀಲಗಳ ಮೇಲೆ ತಾಡಪತ್ರಿ ಎಳೆಯುತ್ತಿದ್ದರು. ಅಂಗಡಿಯವರು ಬೆಲ್ಲದ ಪೆಂಟಿಯೊಂದನ್ನು ಒಡೆದಾಗ ಒದ್ದೆ ಗೋಣಿಯ ವಾಸನೆಯೂ ಬೆಲ್ಲದ ವಾಸನೆಯೂ ಕೂಡಿ ಮೂಗಿಗೆ ಬಂತು. ಅದರ ಜೊತೆಗೆ ಐದು ವರ್ಷದ ಹಿಂದಿನ ಒಂದು ಮಳೆಗಾಲವೂ ಬಂತು. ಅದನ್ನು ಯಾರೂ ಕರೆಯಬೇಕಾಗಿಲ್ಲ. ಮೋಡ ಕವಿದರೆ ಸಾಕು, ತಾನಾಗಿ ಬರುತ್ತದೆ.

ಆ ವರ್ಷ ನಾನು ಔರಾದಿನಲ್ಲಿ ಇದ್ದೆ. ಅಲ್ಲಿಂದ ಬಸ್ಸಿನಲ್ಲಿ ಎಕಂಬಾಕ್ಕೆ ಹೋಗಿ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಜೂನ್ ತಿಂಗಳಲ್ಲಿ ನನ್ನ ಅಕ್ಕ ಸುಗುಣಾಳನ್ನು ಬೀದರಿನಿಂದ ನನ್ನ ಬಾಡಿಗೆ ಮನೆಗೆ ಕರೆದುಕೊಂಡು ಬಂದೆ. ಆಗ ಅವಳಿಗೆ ಎರಡೂ ಕಣ್ಣು ಹೋಗಿದ್ದವು.

ಅಕ್ಕ ನನಗಿಂತ ಹನ್ನೆರಡು ವರ್ಷ ದೊಡ್ಡವಳು. ನಾನು ಐದನೆಯ ತರಗತಿಯಲ್ಲಿದ್ದಾಗ ಅವ್ವ ತೀರಿಕೊಂಡಳು. ಅಪ್ಪ ಅದಕ್ಕೂ ಮೊದಲೇ ಹೋಗಿದ್ದರು. ಅಕ್ಕ ಆಗಷ್ಟೇ ನರ್ಸಿಂಗ್ ಮುಗಿಸಿ ಬೀದರಿನ ಒಂದು ಆಸ್ಪತ್ರೆಗೆ ಸೇರಿದ್ದಳು. ನನ್ನ ಜಡೆ ಹಾಕಿ, ಡಬ್ಬಿ ಕಟ್ಟಿ, ಸಾಲೆಗೆ ಕಳಿಸಿ ತಾನು ಡ್ಯೂಟಿಗೆ ಹೋಗುತ್ತಿದ್ದಳು. ಮದುವೆಯ ಮಾತು ಬಂದಾಗಲೆಲ್ಲ "ಪ್ರೇಮಾಂದು ಓದು ಮುಗೀಲಿ" ಎನ್ನುತ್ತಿದ್ದಳು. ನನ್ನ ಓದು ಮುಗಿಯುವಷ್ಟರಲ್ಲಿ ಕೇಳುವವರೂ ಮುಗಿದಿದ್ದರು. ನನಗೂ ಮದುವೆಯಾಗಲಿಲ್ಲ. ಚರ್ಚಿನಲ್ಲಿ ಒಂದೇ ಬೆಂಚಿನ ಮೇಲೆ ನಾವಿಬ್ಬರೇ ಕೂಡುತ್ತಿದ್ದೆವು.

ಅವಳು ಬಹಳ ಒಪ್ಪ ಓರಣದ ಹೆಂಗಸು. ಮಕ್ಕಳ ಸಣ್ಣ ಕೈಯಲ್ಲಿ ಸಹ ಒಂದೇ ಚುಚ್ಚಿಗೆ ಅವಳಿಗೆ ನರ ಸಿಗುತ್ತದೆಂದು ಡಾಕ್ಟರರೇ ಅವಳನ್ನು ಕರೆಸುತ್ತಿದ್ದರು. ಅವಳ ಸಮವಸ್ತ್ರದ ಮೇಲೆ ಒಂದು ಕಲೆ ಕಂಡವರಿಲ್ಲ. ಅಂಥವಳಿಗೆ ಸಂಕ್ರಾಂತಿಯ ಹೊತ್ತಿಗೆ ಎಡಗಣ್ಣು ಮಂಜಾಯಿತು. ನಾಲ್ಕು ತಿಂಗಳಲ್ಲಿ ಬಲಗಣ್ಣೂ ಹಿಂಬಾಲಿಸಿತು. ಹೈದರಾಬಾದಿನ ಡಾಕ್ಟರರು ಕಣ್ಣಿನ ನರ ಒಣಗಿದೆ, ಆಪರೇಷನ್ನಿಗೆ ಬರುವಂಥದ್ದಲ್ಲ ಎಂದರು. ತಿರುಗಿ ಬರುವಾಗ ರೈಲಿನಲ್ಲಿ ಅಕ್ಕ ಒಂದೇ ಮಾತು ಕೇಳಿದಳು. "ಡಾಕ್ಟರ್ ನನ್ನ ಕಡೆ ನೋಡಿ ಹೇಳಿದ್ರೇನು, ನಿನ್ನ ಕಡೆ ನೋಡಿ ಹೇಳಿದ್ರೇನು?"

ಡಾಕ್ಟರರು ನನ್ನ ಕಡೆ ನೋಡಿದ್ದರು. ನಾನು "ನಿನ್ನ ಕಡೆನೇ" ಅಂದೆ.

ಕೆಲಸ ಬಿಡುವ ಅರ್ಜಿಗೆ ಸಹಿ ಮಾಡಲು ಪೆನ್ನು ಹಿಡಿದಳು. ಅಕ್ಷರ ಗೆರೆಯಿಂದ ಇಳಿದು ಮೇಜಿನ ಮೇಲೆ ಹೋಯಿತು. ಆಫೀಸಿನವರು ಸಾವಕಾಶವಾಗಿ ಅವಳ ಕೈಯಿಂದ ಪೆನ್ನು ತೆಗೆದುಕೊಂಡು ಹೆಬ್ಬೆಟ್ಟು ಒತ್ತಿಸಿದರು. ಆಮೇಲೆ ನಾನು ಎಷ್ಟು ಸಲ ತೊಳೆದರೂ ಶಾಯಿ ಹೋಗಿಲ್ಲವೆಂದು ಅವಳು ಆ ಬೆರಳನ್ನು ಸೆರಗಿನಲ್ಲಿ ಮುಚ್ಚಿಕೊಂಡಿದ್ದಳು.

ಔರಾದಿನ ಮನೆ ಎರಡು ಕೋಣೆಯದು. ಹಿಂದೆ ಒಂದು ನಾಲಾ, ಮುಂದೆ ಅಂಗಳ, ಅಂಗಳದ ಆಚೆ ಮನೆ ಮಾಲಕಿ ಲಲಿತಾಬಾಯಿಯವರ ಮನೆ. ಅಕ್ಕ ಗೋಡೆ ಹಿಡಿದು, ಹೆಜ್ಜೆ ಎಣಿಸಿ, ಎಂಟು ದಿನಗಳಲ್ಲಿ ಬಚ್ಚಲು, ಒಲೆಯ ಕಟ್ಟೆ, ನೀರಿನ ಕೊಡ ಎಲ್ಲ ಕಲಿತಳು. ಊಟ ಮಾತ್ರ ಅವಳ ಕೈಗೆ ಹತ್ತಲಿಲ್ಲ. ರೊಟ್ಟಿ ಮುರಿದು ಪಲ್ಯಕ್ಕೆ ಕೈ ಹಾಕಿದರೆ ತಾಟಿನ ಅಂಚು ದಾಟುತ್ತಿತ್ತು. ಅನ್ನ ಸೀರೆಯ ಮೇಲೆ ಬೀಳುತ್ತಿತ್ತು. ಬಿದ್ದದ್ದು ಕಾಣದಿದ್ದರೂ ಅವಳಿಗೆ ಗೊತ್ತಾಗುತ್ತಿತ್ತು. ನಾನು ತೆಗೆಯಲು ಹೋದರೆ ಕೈ ತಡೆಯುತ್ತಿದ್ದಳು.

ಜುಲೈಯಲ್ಲಿ ಒಂದು ದಿನ ನಾನು ಸಾಲೆಯಿಂದ ಬರುವಾಗ ಅವಳು ರಸ್ತೆಯ ನಡುವೆ ನಿಂತಿದ್ದಳು. ಟ್ರ್ಯಾಕ್ಟರಿನವನೊಬ್ಬ ಬ್ರೇಕ್ ಹಾಕಿ ಇಳಿದು ಬೈಯುತ್ತಿದ್ದ. ಅವಳಿಗೆ ಕಣ್ಣಿಲ್ಲವೆಂದು ತಿಳಿದ ಮೇಲೆ ನನಗೆ ಬೈದ. "ಇಂಥಾವ್ರನ್ನ ಹಿಂಗ ಬಿಡ್ತಾರೇನ್ರಿ? ನಿಮಗ ಅಕಲ್ ಇಲ್ಲೇನು?"

"ಅಂಗಡಿಗೆ ಹೊಂಟಿದ್ದೆ. ದಾರಿ ಗೊತ್ತದ ನನಗ," ಅಂದಳು ಅಕ್ಕ.

ಮರುದಿನದಿಂದ ನಾನು ಹೊರಗಿನಿಂದ ಬೀಗ ಹಾಕತೊಡಗಿದೆ. ಅವಳಿಗೆ ಹೇಳಲಿಲ್ಲ. ಸಪ್ಪಳವಾಗದಂತೆ ಕೊಂಡಿ ಸರಿಸಿ, ಬೀಗದ ಸುತ್ತ ಕರವಸ್ತ್ರ ಹಿಡಿದು ಒತ್ತುತ್ತಿದ್ದೆ. ಕಳ್ಳರ ಹಾಗೆ ಹೊಸ್ತಿಲಿಂದ ಇಳಿದು ಬಸ್ಸಿಗೆ ಹೋಗುತ್ತಿದ್ದೆ. ಅವಳ ಒಳ್ಳೆಯದಕ್ಕೇ ಎಂದು ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಹೀಗೆ ಹನ್ನೊಂದು ದಿನ ನಡೆಯಿತು.

ಹನ್ನೆರಡನೆಯ ದಿನ ಬೆಳಗಿನಿಂದಲೇ ಮಳೆ. ಎಕಂಬಾದಲ್ಲಿ ಮಧ್ಯಾಹ್ನಕ್ಕೆ ಸಾಲೆ ಬಿಟ್ಟರು, ಆದರೆ ದಾರಿಯ ಸೇತುವೆಯ ಮೇಲೆ ನೀರು ಹರಿಯುತ್ತಿತ್ತು, ಬಸ್ಸು ಬರಲಿಲ್ಲ. ಹೊಲಗಳಲ್ಲಿ ಹೆಸರು, ಉದ್ದು ಮುಳುಗಿ ಎರೆ ಮಣ್ಣೆಲ್ಲ ಕರಿ ಗಂಜಿಯಾಗಿತ್ತು. ನಾನು ಸ್ಟಾಫ್ ರೂಮಿನ ಕಿಟಕಿಯಲ್ಲಿ ನಿಂತು ಲಲಿತಾಬಾಯಿಯವರಿಗೆ ಫೋನು ಹಚ್ಚುತ್ತಲೇ ಇದ್ದೆ. ಹತ್ತಲಿಲ್ಲ. ಅವರು ಅಂದು ಬೆಳಿಗ್ಗೆಯೇ ಬೀದರಿಗೆ ಬೀಗರ ಮನೆಗೆ ಹೋಗಿದ್ದರೆಂದು ನನಗೆ ಆಮೇಲೆ ತಿಳಿಯಿತು. ಅಕ್ಕನ ಫೋನು ರಿಂಗಾಗಿ ರಿಂಗಾಗಿ ನಿಂತಿತು, ಆಮೇಲೆ ಅದೂ ಆಗಲಿಲ್ಲ.

ಒಂದು ಲಾರಿಯವರು ನಾಲ್ಕು ಗಂಟೆಗೆ ಕೂಡಿಸಿಕೊಂಡರು. ಮನೆ ಮುಟ್ಟಿದಾಗ ಐದೂವರೆ. ನಾಲಾ ತುಂಬಿ ಓಣಿಯಲ್ಲಿ ಮೊಣಕಾಲಮಟ ನೀರು. ಬೀಗಕ್ಕೆ ಹಾಕಲು ಹೋದ ಚಾವಿ ಜಾರಿ ನೀರಿನಲ್ಲಿ ಬಿತ್ತು, ತಡಕಾಡಿ ತೆಗೆದೆ. ಬಾಗಿಲು ದೂಡಿದರೆ ಒಳಗಿನ ನೀರು ಎದುರು ನಿಂತು ತಳ್ಳಿತು. ಅಕ್ಕ ಪಲಂಗದ ಮೇಲೆ ಎರಡೂ ಕಾಲು ಮಡಚಿಕೊಂಡು ಕೂತಿದ್ದಳು. ಮಡಿಲಲ್ಲಿ ಲಟ್ಟಣಿಗೆ ಇತ್ತು. ಬಾಗಿಲಿನ ಒಳಮೈಯಲ್ಲಿ, ಎದೆಯ ಎತ್ತರದಲ್ಲಿ, ಬಣ್ಣ ಕಿತ್ತು ಬಿಳಿ ಕಟ್ಟಿಗೆ ಕಾಣುತ್ತಿತ್ತು. ಅವಳ ಫೋನು ಎಲ್ಲೋ ನೀರಿನ ಅಡಿಯಲ್ಲಿತ್ತು.

"ಚಾವಿ ನಿನ್ನ ಕಡೆ ಇತ್ತೇನು?" ಅಂದಳು.

ನಾನು ಹೂಂ ಅಂದೆ.

ಅಷ್ಟೇ. ನಾನು ಅವಳ ಮೈ ಒರೆಸಿದೆ, ಸೀರೆ ಬದಲಿಸಿದೆ. ಗೊಂಬೆಯ ಹಾಗೆ ಕೈ ಎತ್ತು ಅಂದರೆ ಎತ್ತಿದಳು.

ಅಂದಿನಿಂದ ಅಕ್ಕ ನನ್ನ ಎದುರು ಉಣ್ಣುವುದನ್ನು ಬಿಟ್ಟಳು. "ಇಟ್ಟು ಹೋಗು, ಆಮ್ಯಾಲ ಉಣ್ತೇನಿ" ಅನ್ನುತ್ತಿದ್ದಳು. ನಾನು ಸಂಜೆ ಬಂದರೆ ತಾಟು ಖಾಲಿ ಇರುತ್ತಿತ್ತು, ನನಗೂ ಸಮಾಧಾನ. ಹತ್ತು ಹನ್ನೆರಡು ದಿನದ ಮೇಲೆ ಲಲಿತಾಬಾಯಿ ಅಂಗಳದಲ್ಲಿ ನನ್ನನ್ನು ನಿಲ್ಲಿಸಿದರು.

"ನಿಮ್ಮಕ್ಕ ಉಣ್ಣಂಗಿಲ್ಲರಿ ಟೀಚರ್. ಎಲ್ಲಾ ಹಿಂದಿನ ಖಿಡಕಿಲಿಂದ ನಾಲಾಕ್ಕ ಚೆಲ್ತಾರ. ನಾ ಎರಡು ಸಲ ನೋಡೇನಿ. ಕೇಳಿದ್ರ, ಸೀರಿ ಹೊಲಸಾಗ್ತದ್ರಿ ಅಂದ್ರು."

ಆಗ ಅವಳನ್ನು ಸರಿಯಾಗಿ ನೋಡಿದೆ. ಕುಪ್ಪಸದ ತೋಳು ಜೋಲುತ್ತಿತ್ತು. ಕೊರಳಿನ ಎಲುಬು ಎದ್ದಿತ್ತು. ಒಂದೇ ಮನೆಯಲ್ಲಿದ್ದು ನಾನು ಅದನ್ನು ನೋಡಿರಲಿಲ್ಲ. ಕಣ್ಣಿದ್ದದ್ದು ನನಗೆ.

ಅವಳ ಪಕ್ಕದಲ್ಲಿ ಕೂತು, ತಿನ್ನಿಸುತ್ತೇನೆ ಎಂದೆ. ತುಟಿ ಬಿಗಿದಳು. ಚಮಚ ಕೊಡುತ್ತೇನೆ ಎಂದೆ. ಅದಕ್ಕೂ ಇಲ್ಲ. ಕೊನೆಗೆ, ಏನು ತಿನ್ನಬೇಕು ಅನ್ನಿಸುತ್ತದೆ, ಅದನ್ನಾದರೂ ಹೇಳು ಎಂದು ಕೇಳಿಕೊಂಡೆ. ಆಗ ಹೇಳಿದಳು.

"ಟ್ರೇನಿಂಗಿನಾಗ ನಮ್ಮ ಮೇಟ್ರನ್ ಒಂದು ಮಾಡ್ತಿದ್ರು. ಫ್ಲ್ಯಾಪ್‌ಜಾಕ್ ಅಂತ. ಓಟ್ಸ್, ಬೆಲ್ಲ, ತುಪ್ಪ. ಅವರಿಗೆ ಮಿಷನ್ನಿನ ದೊರೆಸಾನಿ ಯಾರೋ ಕಲಿಸಿದ್ರಂತ. ಚೌಕ ಚೌಕ ಕೊಯ್ದು ನಮಗೆಲ್ಲಾ ಕೊಡ್ತಿದ್ರು. ಏಪ್ರನ್ನಿನ ಕಿಸೇದಾಗ ಇಟ್ಕೊಂಡು ವಾರ್ಡೆಲ್ಲಾ ತಿರಗಿದ್ರೂ ಒಂದು ಚೂರು ಉದುರ್ತಿರಲಿಲ್ಲ. ಕೈಗೂ ಹತ್ತತಿರಲಿಲ್ಲ. ಅಂಥಾದ್ದು ಇದ್ರ ತಿಂತೇನಿ."

ಓಟ್ಸ್ ಔರಾದಿನ ಅಂಗಡಿಯಲ್ಲೇ ಸಿಕ್ಕಿತು. ಕ್ರಿಸ್‌ಮಸ್ ಕೇಕಿಗೆ ಅಕ್ಕ ಇಟ್ಟುಕೊಂಡಿದ್ದ ಹಳೆಯ ಗುಂಡನೆಯ ಕರೆಂಟಿನ ಓವನ್ ಬೀದರಿನ ಸಾಮಾನಿನ ಜೊತೆ ಬಂದಿತ್ತು. ಮೊದಲ ಸಲ ಬೆಲ್ಲ ಕರಗಿಸಿ, ತುಪ್ಪ ಹಾಕಿ, ಓಟ್ಸ್ ಕಲಸಿ ತಟ್ಟೆಗೆ ಸುರಿದು ಬೇಯಿಸಿದೆ. ವಾಸನೆ ಚೆನ್ನಾಗಿತ್ತು. ಬಿಸಿ ಇರುವಾಗಲೇ ಚಾಕು ಹಾಕಿ ಎತ್ತಿದೆ, ಪೂರಾ ಪುಡಿಯಾಯಿತು. ಇದ್ದುದರಲ್ಲಿ ದೊಡ್ಡ ತುಂಡು ಆರಿಸಿ ಅಕ್ಕನ ಕೈಗಿಟ್ಟೆ. ಅದು ಅವಳ ಬೆರಳುಗಳ ನಡುವೆಯೇ ಬಿಚ್ಚಿ ಮಡಿಲಿಗೆ ಬಿತ್ತು. ಅವಳು ಮಡಿಲನ್ನು ಮುಟ್ಟಿ ನೋಡಿಕೊಂಡು ತಾಟನ್ನು ದೂರ ಸರಿಸಿದಳು.

ಎರಡನೆಯ ಸಲ ಗಟ್ಟಿಯಾಗಲೆಂದು ಬೆಲ್ಲ ಹೆಚ್ಚು ಹಾಕಿ ಪಾಕವನ್ನು ಬಹಳ ಹೊತ್ತು ಕುದಿಸಿದೆ. ಕಲ್ಲಾಯಿತು, ತಟ್ಟೆಯಿಂದ ಬಿಡಿಸಲು ಉಳಿ ಬೇಕಾಯಿತು. ಮೂರನೆಯ ಸಲ ಮೈದಾ ಬೆರೆಸಿದೆ. ಚೂರಾಗಲಿಲ್ಲ, ಆದರೆ ಅಕ್ಕ ಅಂಚಿಗೆ ಹಲ್ಲು ತಾಗಿಸಿ, "ಇದು ಬಿಸ್ಕಿಟ್ ಆತು, ಬಿಡು," ಎಂದು ಕೆಳಗಿಟ್ಟಳು. ನಾಲ್ಕನೆಯದು ಒಳಗಿರುವಾಗ ಕರೆಂಟು ಹೋಯಿತು. ಆ ಸಂಜೆ ನಾನು ಒಲೆಯ ಮುಂದೆ ನೆಲದ ಮೇಲೆ ಕೂತುಬಿಟ್ಟೆ. ಹೊರಗೆ ಮಳೆ, ಗೋಡೆಗೆಲ್ಲ ಬೂಸರು, ಆಚೆ ಕೋಣೆಯಲ್ಲಿ ಉಪವಾಸ ಇರುವ ಅಕ್ಕ. ಒಂದು ತಿನಿಸಿನ ತುಂಡನ್ನು ನೆಟ್ಟಗೆ ನಿಲ್ಲಿಸಲಾಗದವಳು ಇವಳನ್ನೇನು ನೋಡಿಕೊಳ್ಳುತ್ತೇನೆ ಅನ್ನಿಸಿತು. ಅವಳು ಚಹಾ ಮತ್ತು ಹಾಲಿನ ಮೇಲೆಯೇ ಇದ್ದಳು. ತಲೆ ತಿರುಗುತ್ತದೆಂದು ಬಚ್ಚಲಿಗೆ ಹೋಗುವಾಗ ನಡುವೆ ನಿಲ್ಲುತ್ತಿದ್ದಳು.

ಆಗಸ್ಟಿನಲ್ಲಿ ಶಿಕ್ಷಕರ ತರಬೇತಿಗೆ ಎರಡು ದಿನ ಭಾಲ್ಕಿಗೆ ಹೋಗಬೇಕಾಯಿತು. ಅಕ್ಕನನ್ನೂ ಕರೆದುಕೊಂಡು ಹೋಗಿ, ಅವಳ ಜೊತೆ ಕೆಲಸ ಮಾಡಿ ನಿವೃತ್ತರಾಗಿದ್ದ ಶಾಂತಾಬಾಯಿ ಸಿಸ್ಟರ್ ಮನೆಯಲ್ಲಿ ಬಿಟ್ಟೆ. ಮಧ್ಯಾಹ್ನದ ಬಿಡುವಿನಲ್ಲಿ ಬಸ್ ನಿಲ್ದಾಣದ ಕಡೆಯ ಒಂದು ಬೇಕರಿಗೆ ಹೋಗಿ, ಕರವಸ್ತ್ರದಲ್ಲಿ ಕಟ್ಟಿ ತಂದಿದ್ದ ನನ್ನ ಚೂರುಗಳನ್ನು ಬಿಚ್ಚಿ ತೋರಿಸಿದೆ. ಅಲ್ಲಿ ಭಟ್ಟಿ ನೋಡಿಕೊಳ್ಳುವವರು ಬಷೀರ್ ಎಂಬ ವಯಸ್ಸಾದ ಉಸ್ತಾದರು. ಒಂದು ಚೂರು ಬಾಯಿಗೆ ಹಾಕಿಕೊಂಡು, ಇನ್ನೊಂದನ್ನು ಬೆರಳಲ್ಲಿ ತಿಕ್ಕಿ ನೋಡಿದರು.

"ಯಾರಿಗೆ ಮಾಡ್ತೀರಿ ಇದು?"

"ನಮ್ಮ ಅಕ್ಕಗ್ರಿ. ಆಕಿಗೆ ಕಣ್ಣು ಕಾಣಂಗಿಲ್ಲ. ಉದುರಿದ್ರ ತಿನ್ನಂಗಿಲ್ಲ."

ಅವರು ತಲೆಯಾಡಿಸಿ ಒಂದು ಸ್ಟೂಲು ಎಳೆದು ನನ್ನನ್ನು ಕೂಡಿಸಿದರು. "ನಿಮ್ಮ ಓಟ್ಸ್ ಎಲ್ಲಾ ದೊಡ್ಡು ದೊಡ್ಡು ಅವ. ಒಂದಕ್ಕೊಂದು ಹಿಡಕೊಳ್ಳಾಕ ನಡುವ ಏನೂ ಇಲ್ಲ. ಮೂರು ಪಾಲಿನಾಗ ಒಂದು ಪಾಲು ಮಿಕ್ಸ್‌ರಿಗೆ ಹಾಕಿ ರವಾ ಮಾಡ್ರಿ. ಬೆಲ್ಲ, ತುಪ್ಪ ಕೂಡಿಸಿ ಸಣ್ಣ ಉರೀಲೆ ಪಾಕ ತೆಗೀರಿ. ನೀರಾಗ ಒಂದು ಹನಿ ಬಿಟ್ರ ಮೆತ್ತನ ಉಂಡಿ ಆಗಬೇಕು, ಕಟ್ ಅಂತ ಮುರೀಬಾರದು. ಕಲಸಿದ ಮ್ಯಾಲ ವಾಟಿ ತಳದಿಂದ ಜೋರ್ ಒತ್ರಿ. ಮೂಲಿ ಮೂಲಿ ಒತ್ರಿ. ಬಂಗಾರದ ಬಣ್ಣ ಬಂತಂದ್ರ ತೆಗೀರಿ, ಆಗ ಮೆತ್ತಗೇ ಇರ್ತದ, ಹೆದರಬ್ಯಾಡ್ರಿ. ಬಿಸಿ ಇದ್ದಾಗ ಚಾಕು ಗೆರಿ ಎಳೀರಿ, ಅಷ್ಟೇ. ಎತ್ತಬ್ಯಾಡ್ರಿ."

"ಎಷ್ಟೊತ್ತು ಬಿಡಬೇಕ್ರಿ?"

"ಪೂರಾ ಆರೋತನಕ. ತಟ್ಟಿ ತಳಕ್ಕ ಕೈ ಹಚ್ಚಿದ್ರ ತಣ್ಣಗ ಇರಬೇಕು. ಜರಾ ಸಬರ್ ಮಾಡ್ರಿ. ನಿಮಗ ಅವಸರ ಭಾಳ ಅದ, ಇದು ನೋಡಿದ್ರೇ ಗೊತ್ತಾಗ್ತದ."

ನನ್ನ ಚೂರುಗಳನ್ನು ಅವರು ಮತ್ತೆ ಕರವಸ್ತ್ರದಲ್ಲಿ ಮಡಚಿ ಕೈಗೆ ಕೊಟ್ಟರು.

ಮುಂದಿನ ಶನಿವಾರ ಸಾಲೆ ಮುಗಿಸಿ ಔರಾದಿಗೆ ಬಂದವಳೇ ಒಲೆಯ ಮುಂದೆ ನಿಂತೆ. ಓಟ್ಸಿನ ಒಂದು ಪಾಲು ರವೆ ಮಾಡಿದೆ. ಬೆಲ್ಲ ತುಪ್ಪದಲ್ಲಿ ಕರಗಿ ಕುದಿಯತೊಡಗಿತು. ಬಟ್ಟಲಿನ ನೀರಿಗೆ ಹನಿ ಬಿಟ್ಟು ನೋಡುತ್ತಿದ್ದೆ, ಉಂಡೆ ಕಟ್ಟದೆ ಕರಗುತ್ತಿತ್ತು. ಹಿಂದೆ ಹೆಜ್ಜೆಯ ಸಪ್ಪಳ ಕೇಳಿಸಿತು. ಅಕ್ಕ ಗೋಡೆ ಹಿಡಿದು ಬಂದು ಬಾಗಿಲಲ್ಲಿ ನಿಂತಿದ್ದಳು. ಕಿವಿ ಒಲೆಯ ಕಡೆ ಇತ್ತು.

"ಇನ್ನ ತೆಳ್ಳಗದ. ಸಪ್ಪಳ ಚುರುಚುರು ಬರ್ಲಿಕತ್ತದ. ತಡಿ."

ನಾನು ಸೌಟು ಹಿಡಿದೇ ತಡೆದೆ. ಹಲವು ದಿನಗಳ ಮೇಲೆ ಅವಳು ತಾನಾಗಿ ಆಡಿದ ಮಾತು ಅದು. ಗುಳ್ಳೆಗಳು ಸಣ್ಣಗಿದ್ದವು ದೊಡ್ಡವಾದವು, ಏಳುವುದು ನಿಧಾನವಾಯಿತು.

"ಈಗ ಇಳಸು."

ಹನಿ ಬಿಟ್ಟೆ. ಮೆತ್ತನೆಯ ಉಂಡೆಯಾಗಿ ತಳದಲ್ಲಿ ಕೂತಿತು. ಕಲಸಿ ತಟ್ಟೆಗೆ ಹಾಕಿ ಒತ್ತುವಾಗ ಅವಳು ಕೈ ಚಾಚಿದಳು. ಕೈಯಲ್ಲಿದ್ದ ವಾಟಿ ಬಟ್ಟಲನ್ನು ಅವಳಿಗೆ ಕೊಟ್ಟೆ. ಮೂಲೆ ಮೂಲೆಯನ್ನು ಬೆರಳಿನಿಂದ ಹುಡುಕಿ, ಮೈಭಾರ ಹಾಕಿ ಒತ್ತಿದಳು. ಎರಡು ಸಲ ಉಸಿರಿಗೆ ನಿಂತಳು. ಅಷ್ಟು ಸೊರಗಿದ್ದಳು. ಬೆಂದ ಮೇಲೆ ಗೆರೆ ಎಳೆದು, ತಟ್ಟೆಯನ್ನು ಕಿಟಕಿಯ ಕಟ್ಟೆಗಿಟ್ಟು ನಾನು ಪರೀಕ್ಷೆಯ ಪೇಪರು ತಿದ್ದಲು ಕೂತೆ. ತಟ್ಟೆಯ ಕಡೆ ಹೋಗದಿರುವುದೇ ದೊಡ್ಡ ಕೆಲಸವಾಗಿತ್ತು. ತಳ ತಣ್ಣಗಾದ ಮೇಲೆ ಚಾಕು ಹಾಕಿದೆ. ಚೌಕ ಚೌಕವಾಗಿ, ಅಂಚು ಮುರಿಯದೆ ಎದ್ದು ಬಂದವು.

ಅಕ್ಕ ನನ್ನೆದುರು ತಿನ್ನಲಿಲ್ಲ. "ಡಬ್ಬ್ಯಾಗ ಇಡು," ಅಂದಳು.

ಸೋಮವಾರ ಡಬ್ಬಿಯನ್ನು ಅವಳ ಪಲಂಗದ ಪಕ್ಕದ ಸ್ಟೂಲಿನ ಮೇಲಿಟ್ಟು, ಅವಳ ಕೈ ಹಿಡಿದು ಮುಚ್ಚಳ ಮುಟ್ಟಿಸಿದೆ. ನೀರಿನ ಆ ದಿನದ ಮೇಲೆ ನಾನು ಬೀಗ ಹಾಕಿರಲಿಲ್ಲ, ಆದರೆ ಬಾಗಿಲು ಎಳೆದುಕೊಂಡು ಹೋಗುತ್ತಿದ್ದೆ. ಅಂದು ಅದನ್ನೂ ಮಾಡಲಿಲ್ಲ. ಎಕಂಬಾದಲ್ಲಿ ದಿನವಿಡೀ ಬೋರ್ಡಿನ ಮೇಲೆ ಬರೆದದ್ದು ಏನೆಂದು ನನಗೆ ನೆನಪಿಲ್ಲ. ರಸ್ತೆ, ಟ್ರ್ಯಾಕ್ಟರು, ನಾಲಾ, ಇವೇ ಕಣ್ಣ ಮುಂದೆ. ಸಂಜೆ ಬಂದಾಗ ಅಕ್ಕ ಹೊಸ್ತಿಲ ಒಳಗೆ ಕುರ್ಚಿ ಹಾಕಿಕೊಂಡು ಕೂತಿದ್ದಳು. ಡಬ್ಬಿ ಎತ್ತಿ ನೋಡಿದೆ. ಮೂರು ತುಂಡು ಕಡಿಮೆ ಇದ್ದವು. ಕಿಟಕಿಯಾಚೆ ಬಗ್ಗಿ ನೋಡಿದೆ, ಅಲ್ಲೇನೂ ಚೆಲ್ಲಿರಲಿಲ್ಲ. ಮೊಣಕಾಲೂರಿ ಪಲಂಗದ ಕೆಳಗೂ ನೋಡಿದೆ.

"ಏನು ಹುಡಕ್ತಿ?"

"ಏನಿಲ್ಲ."

"ತಿಂದೇನಿ," ಅಂದಳು. "ಚೂರು ಬಿದ್ದಿಲ್ಲ. ನಾ ಕೈಯಾಡಿಸಿ ನೋಡೇನಿ."

ಆಮೇಲೆ ವಾರಕ್ಕೆರಡು ಸಲ ಮಾಡುತ್ತಿದ್ದೆವು. ಶೇಂಗಾ ಪುಡಿ, ಖರ್ಜೂರ, ಎಳ್ಳು ಸೇರಿದವು. ಒಂದು ತಿಂಗಳಲ್ಲಿ ಅವಳ ಮುಖಕ್ಕೆ ರಕ್ತ ಬಂತು. ಮನೆಗೆ ಮಾತ್ರ ಮೊದಲಿನ ಕಳೆ ಬರಲಿಲ್ಲ. ಪಾಕದ ಮಾತು, ಉರಿಯ ಮಾತು ಆಡುತ್ತಿದ್ದಳು, ಮತ್ತೆ ಸುಮ್ಮನಾಗುತ್ತಿದ್ದಳು. ಆ ಮೌನದಲ್ಲಿ ನಾನು ಓಡಾಡುವುದನ್ನು ಕಲಿತೆ.

ದಸರಾ ರಜೆ ಹತ್ತಿರವಾದಾಗ ಹೇಳಿದಳು. "ಶಾಂತಾಬಾಯಿ ಫೋನ್ ಮಾಡಿದ್ರು. ಅವರೂ ಒಬ್ಬರೇ ಅದಾರ. ನಾ ಭಾಲ್ಕಿಗೆ ಹೋಗ್ತೇನಿ."

"ಎಷ್ಟು ದಿನಕ್ಕ?"

"ಇರಾಕ ಹೋಗ್ತೇನಿ."

ನಾನು ಬಹಳ ಹೇಳಿದೆ. ವರ್ಗಾವಣೆ ಕೇಳುತ್ತೇನೆ ಎಂದೆ, ರಜೆ ಹಾಕುತ್ತೇನೆ ಎಂದೆ. ನಾನು ನಿನಗೇನು ಹೊರಗಿನವಳೇ ಎಂದು ಅತ್ತೆ. ಹೊರಡುವ ಹಿಂದಿನ ದಿನ ಮಧ್ಯಾಹ್ನ, ಪಲಂಗದ ಮೇಲೆ ಅವಳ ಸೀರೆಗಳನ್ನು ಹರವಿಕೊಂಡು ಕೂತಿದ್ದಾಗ, ಎರಡು ತಿಂಗಳಿಂದ ಗಂಟಲಲ್ಲಿದ್ದದ್ದನ್ನು ನಾನು ಅಂದೆ.

"ಅವತ್ತ ಬೀಗ ಹಾಕಿದ್ದು ತಪ್ಪಾತು ಅಕ್ಕ."

ಅವಳ ಕೈ ಸೀರೆಯ ಮೇಲೆ ನಿಂತಿತು. ಆಮೇಲೆ ಹೇಳತೊಡಗಿದಳು.

"ನಾ ಹೊಸದಾಗಿ ಕೆಲಸಕ್ಕ ಸೇರಿದಾಗ ಮನ್ನಳ್ಳಿ ಕಡೀಂದ ಬಂದ ಒಬ್ಬ ಮುದುಕಪ್ಪ ವಾರ್ಡಿನಾಗ ಇದ್ರು. ಜ್ವರದಾಗ ಬಡಬಡಿಸ್ತಿದ್ರು, ಸಲೈನ್ ಕಿತ್ಕೊಳ್ತಿದ್ರು. ನಾ ಅವರ ಎರಡೂ ಕೈ ಪಲಂಗಕ್ಕ ಕಟ್ಟಿದೆ. ಬ್ಯಾಂಡೇಜ್ ಬಟ್ಟಿಲೆ, ಮೆತ್ತಗೇ. ಅವರ ಒಳ್ಳೇದಕ್ಕೇ. ಅಷ್ಟರಾಗ ಹೆರಿಗಿ ಕೇಸ್ ಬಂತು, ಹೋದೆ, ಮರ್ತೆ. ತಿರುಗಿ ಬಂದು ನೋಡಿದ್ರ ಜ್ವರ ಇಳದಿತ್ತು. ಪೂರಾ ಎಚ್ಚರಿದ್ರು. ಮಾರಿ ಮ್ಯಾಲ ನೊಣ ಕುಂತಿತ್ತು. ಹೊಡಕೊಳ್ಳಾಕ ಕೈ ಇರಲಿಲ್ಲ."

ಹೊರಗೆ ಲಲಿತಾಬಾಯಿಯವರು ಉದ್ದು ಕೇರುವ ಸಪ್ಪಳ ಬರುತ್ತಿತ್ತು.

"ಬಿಚ್ಚಿದೆ. ಅವರು ಮಣಿಕಟ್ಟು ತಿಕ್ಕೋತ, ‘ಬಿಚ್ಚಿದ್ಯೇನವ್ವ’ ಅಂದ್ರು. ಮತ್ತೇನೂ ಅನ್ನಲಿಲ್ಲ. ನಾನೂ ಏನೂ ಅನ್ನಲಿಲ್ಲ. ‘ತಪ್ಪಾತು’ ಅಂತ ನಾಳಿ ಹೇಳಿದ್ರಾತು ಅಂದ್ಕೊಂಡಿದ್ದೆ. ಮರುದಿನ ನಾ ಹೋಗೋದ್ರಾಗ ಅವರು ಊರಿಗೆ ಹೋಗಿದ್ರು. ನೀರು ಬಂದ ದಿನ ಪಲಂಗದ ಮ್ಯಾಲ ಕುಂತಾಗ ನನಗ ಅವರದೇ ಖ್ಯಾಲ ಬಂತು. ಹೆಸರೇ ಬರಲಿಲ್ಲ. ನೀ ಬರೋತನಕ ಹೆಸರು ಹುಡುಕ್ತಿದ್ದೆ," ಅಂದಳು.

"ಹಂಗಾದ್ರ ನನ್ನ ಮ್ಯಾಲ ಸಿಟ್ಟಿಲ್ಲೇನು?"

"ಅದ," ಅಂದಳು ಅಕ್ಕ. "ಬೀಗ ಹಾಕಿದ್ದಕ್ಕಲ್ಲ. ನನಗ ಹೇಳದೇ ಹಾಕಿದಿ. ದಿನಾ ನೀ ಹೋದ ಮ್ಯಾಲ ಬಾಗಿಲಾ ಮುಟ್ಟಿ ನೋಡ್ತಿದ್ದೆ. ಇವತ್ತರೇ ಹೇಳ್ತಾಳ ಅಂತ."

ಹನ್ನೊಂದು ದಿನವೂ ಅವಳಿಗೆ ಗೊತ್ತಿತ್ತು.

ಅವಳು ಒಂದು ಸೀರೆಯನ್ನು ಎತ್ತಿ, ಅಂಚನ್ನು ಬೆರಳಲ್ಲಿ ಹುಡುಕಿ, ಇನ್ನೊಂದು ತುದಿಯನ್ನು ನನ್ನ ಕಡೆ ಚಾಚಿದಳು.

"ಹಿಡಿ. ಒಬ್ಬಾಕಿಗೆ ಮಡಚಾಕ ಬರಂಗಿಲ್ಲ."

ಹಿಡಿದೆ. ಅಂಚಿಗೆ ಅಂಚು ಹೊಂದಿಸಿ ಒಂದೊಂದಾಗಿ ಎಲ್ಲ ಮಡಚಿದೆವು. ಮುಗಿದ ಮೇಲೆ ಅವಳು ರಾಶಿಯ ಮೇಲೆ ಒಮ್ಮೆ ಅಂಗೈಯಾಡಿಸಿ, ಬಸ್ಸು ಎಷ್ಟಕ್ಕೆ ಎಂದು ಕೇಳಿದಳು.

"ಏಳಕ್ಕ," ಅಂದೆ.

"ಹಂಗಾದ್ರ ಲಗೂನ ಎಬ್ಬಿಸು," ಅಂದಳು.